ಗೂಡಲೂರಿನ ಕಾಫಿ ಮತ್ತು ಕಾಂಡಕೊರಕ

ಇಂದಿನ ಗೂಡಲೂರು, ಪಂದಲೂರು ಪ್ರದೇಶವು 1877ರಲ್ಲಿ ಮಲಬಾರಿನಿಂದ ಬೇರ್ಪಟ್ಟು ನೀಲಗಿರಿಗೆ ಸೇರುವ ಮೊದಲು ಆಗ್ನೇಯ ವಯನಾಡು ಎನಿಸಿಕೊಂಡಿತ್ತು. 1840ರ ದಶಕದಲ್ಲಿ ಪಕ್ಕದ ಔಚ್ಟರ್ಲೋನಿ ಕಣಿವೆಯಲ್ಲಿ ಬೇರೂರಿದ ಕಾಫಿ ತೋಟಗಾರಿಕೆ ಇಲ್ಲಿಯೂ ಹರಡಿ, ತೋಟಗಳಿಗಾಗಿ ಕಾಡು ಬಯಲಾಯಿತು. ನೆರಳು ಕಳೆದುಕೊಂಡ ಅರೇಬಿಕಾ ಗಿಡಗಳಿಗೆ 1860ರ ದಶಕದಲ್ಲಿ ಎರಗಿದ್ದು, ಇಂದು ಬಿಳಿ ಕಾಂಡಕೊರಕವೆಂದು ಕರೆಯುವ, ಕ್ಸೈಲೋಟ್ರಿಕಸ್ ಕ್ವಾಡ್ರಿಪೀಸ್ ಎಂಬ ಶಾಸ್ತ್ರೀಯ ಹೆಸರಿನ ದುಂಬಿ.

ಈ ದುಂಬಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಮೊದಲು ತೊಗಟೆಯಡಿಯಲ್ಲಿ ಮೇಯ್ದು, ಬಳಿಕ ಮರದೊಳಕ್ಕೆ ಸುರಂಗ ಕೊರೆಯುತ್ತ, ಅಗಿದ ಹೊಟ್ಟನ್ನು ಹಿಂದೆ ಗಟ್ಟಿಯಾಗಿ ತುಂಬಿಸುತ್ತ ಸಾಗುವುದರಿಂದ ಮನೆಯ ತೊಲೆಗಳಿಂದ ಉದುರುವ ಕುಟ್ಟೆಯ ಪುಡಿಯಂತಹ ಸುಳಿವು ಇಲ್ಲಿ ಸಿಗುವುದಿಲ್ಲ. ತೊಗಟೆಯ ಮೇಲೆ ಉಬ್ಬಿದ ಗೆರೆಗಳು ಮತ್ತು ಹಳದಿಯಾಗುವ ಎಲೆಗಳೇ ಗುರುತು, ಅದೂ ಬಹುತೇಕ ತಡವಾಗಿ.

ಮದರಾಸಿನ ವೈದ್ಯಾಧಿಕಾರಿ ಜಾರ್ಜ್ ಬಿಡಿ 1869ರಲ್ಲಿ ಪ್ರಕಟಿಸಿದ ವರದಿಯು ಈ ಪಿಡುಗನ್ನು ಕೂಲಂಕಷವಾಗಿ ಪರಿಶೀಲಿಸಿ ನೆರಳಿನ ಮಹತ್ವವನ್ನು ಒತ್ತಿಹೇಳಿತು. ಕಾಡನ್ನು ಪೂರ್ತಿ ಕಡಿಯುವುದೇ ಕೃಷಿಯ ಜಾಣ್ಮೆಯೆಂದು ನಂಬಿದ್ದ ತೋಟಗಾರರಿಗೆ ಅದು ರುಚಿಸುವ ಮಾತಾಗಿರಲಾರದು. ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಹುಳು ಹಿಡಿದ ಗಿಡವನ್ನು ಕಿತ್ತು ಸುಡುವುದು ಇಂದಿಗೂ ನಡೆದಿವೆ. ಈ ಹುಳುವನ್ನು ಅರೇಬಿಕಾಕ್ಕಿಂತ ಚೆನ್ನಾಗಿ ತಾಳುವ ರೋಬಸ್ಟಾ ಗೂಡಲೂರಿನ ತೋಟಗಳಲ್ಲಿ ನೆಲೆಯೂರಿದೆ.