ಬೆವರು, ಉಪ್ಪು ಮತ್ತು ಸ್ನಾಯು ಸೆಳೆತ

ಓಡುವಾಗ ಮೀನಖಂಡ ಥಟ್ಟನೆ ಗಂಟು ಕಟ್ಟಿದಂತೆ ಹಿಡಿದುಕೊಂಡ ಅನುಭವ ನಿಮಗಿರಬಹುದು. ಸ್ನಾಯು ತಾನಾಗಿಯೇ ಬಿಗಿದು ಸಡಿಲಗೊಳ್ಳದಿರುವುದೇ ಸ್ನಾಯು ಸೆಳೆತ. ಬಿಸಿಗೆ ಬರುವ ಸೆಳೆತದ ಗುಟ್ಟನ್ನು ವಿಜ್ಞಾನ ಕಲಿತದ್ದು ಗಣಿಗಳಲ್ಲಿ.

1923ರಲ್ಲಿ ಇಂಗ್ಲೆಂಡಿನ ಕೆ. ನೆವಿಲ್ ಮಾಸ್ ಕಲ್ಲಿದ್ದಲು ಗಣಿಯ ಕಾರ್ಮಿಕರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಅವರು ಬೆವರಿನೊಂದಿಗೆ ಉಪ್ಪನ್ನೂ ಕಳೆದುಕೊಂಡು ಬರಿಯ ನೀರನ್ನೇ ಧಾರಾಳವಾಗಿ ಕುಡಿಯುತ್ತಿದ್ದರು. ಇದರಿಂದ ರಕ್ತದ ಸೋಡಿಯಂ ತಗ್ಗಿ ಸ್ನಾಯುಗಳು ಸೆಟೆದುಕೊಳ್ಳುತ್ತಿದ್ದವು. ನೀರಿಗೆ ತುಸು ಉಪ್ಪು ಬೆರೆಸುವುದೇ ಪರಿಹಾರವಾಯಿತು.

ನಮ್ಮ ಕೋಲಾರದ ಚಿನ್ನದ ಗಣಿ ನೆಲದೊಳಗೆ 3 ಕಿ.ಮೀ.ಗೂ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಲ್ಲಿನ ಕಾರ್ಮಿಕರು ಕುಸಿದು ಬೀಳುವುದನ್ನು ಕುರಿತು 1940ರ ದಶಕದಲ್ಲಿ ಎ. ಕ್ಯಾಪ್ಲನ್ ಅಧ್ಯಯನ ನಡೆಸಿದರು. ಮೈಗಳ್ಳತನವೆಂದು ತಳ್ಳಿಹಾಕಬಹುದಾದ ಬಳಲಿಕೆಗೆ ಶರೀರದಲ್ಲೇ ಕಾರಣವಿದೆಯೆಂದು ನಮಗೆ ತಿಳಿದದ್ದು ಇಂಥ ಅಧ್ಯಯನಗಳಿಂದ.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಪಾಠ ಮಾತ್ರ ಉಳಿದಿದೆ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ, ಕೋಲಾರ, ಮುಳಬಾಗಿಲುಗಳ ಹೊಲಗಳಲ್ಲಿ ಬೇಸಿಗೆಯಲ್ಲಿ ದುಡಿಯುವವರ ಮೈಯಿಂದಲೂ ಅದೇ ಉಪ್ಪು ಹರಿದುಹೋಗುತ್ತದೆ. ಯಾರಿಗಾದರೂ ಸೆಳೆತ ಬಂದರೆ ನೆರಳಿಗೆ ಕರೆತನ್ನಿ. ಹಿಡಿದುಕೊಂಡ ಸ್ನಾಯುವನ್ನು ಮೆಲ್ಲನೆ ನೀಳವಾಗಿಸಿ, ನೀವಿರಿ. ಉಪ್ಪು ಹಾಕಿದ ಮಜ್ಜಿಗೆಯನ್ನೋ ಓ.ಆರ್.ಎಸ್. ದ್ರಾವಣವನ್ನೋ ಕೊಡಿ. ಒಂದು ಗಂಟೆಯಾದರೂ ಸೆಳೆತ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಮಾತು ತೊದಲಿದರೆ ಅಥವಾ ಪ್ರಜ್ಞೆ ಮಸುಕಾದರೆ ಬಾಯಿಗೆ ಏನನ್ನೂ ಹಾಕದೆ, ಮೈಗೆ ತಣ್ಣೀರು ಹಾಕುತ್ತಲೇ ಕೂಡಲೇ ಆಸ್ಪತ್ರೆಗೆ ಸಾಗಿಸಿ. ಅದು ಪ್ರಾಣಕ್ಕೇ ಅಪಾಯ ತರುವ ಶಾಖಾಘಾತವಾಗಿರಬಹುದು.