ಘಟ್ಟ ಇಳಿಯುವ ಮುನ್ನ: ಕರಾವಳಿಯಲ್ಲಿ ನೆಲೆಸಬಯಸುವವರು ತಿಳಿದಿರಬೇಕಾದ ಸಂಗತಿಗಳು

ಡಿಸೆಂಬರ್ ಕೊನೆಯ ವಾರದಲ್ಲಿ ಬೆಂಗಳೂರು, ಮೈಸೂರುಗಳಿಂದ ಮಂಗಳೂರು, ಉಡುಪಿ, ಗೋಕರ್ಣಗಳತ್ತ ಹೊರಡುವ ಕುಟುಂಬಗಳ ಪೈಕಿ ಕೆಲವಾದರೂ ಹಿಂದಿರುಗುವಾಗ ಒಂದು ಯೋಚನೆಯನ್ನು ಹೊತ್ತು ತರುತ್ತವೆ. ಇಲ್ಲಿಯೇ ಒಂದು ತುಂಡು ಜಾಗ ಕೊಂಡು, ತೆಂಗಿನ ಮರದ ನೆರಳಿನಲ್ಲಿ ಮನೆ ಕಟ್ಟಿ ಉಳಿದುಬಿಟ್ಟರೆ ಹೇಗೆ? ನಿವೃತ್ತಿಯ ಅಂಚಿನಲ್ಲಿರುವವರಿಗೆ ಈ ಯೋಚನೆ ಹೊಸದೇನಲ್ಲ. 2020ರ ನಂತರ ಮನೆಯಿಂದಲೇ ಕಚೇರಿ ಕೆಲಸ ಮಾಡುವ ರೂಢಿ ಬೆಳೆದ ಮೇಲೆ ನಡುವಯಸ್ಸಿನವರಲ್ಲೂ ಅದು ಗಟ್ಟಿಯಾಗಿದೆ. ತಂದೆಯ ಕಾಲದಲ್ಲಿ ಘಟ್ಟ ಹತ್ತಿ ಬಂದವರ ಮಕ್ಕಳು ಈಗ ಘಟ್ಟ ಇಳಿಯುವ ಮಾತನಾಡುತ್ತಿದ್ದಾರೆ.

ಆಸೆ ಸಹಜವಾದುದೇ. ಆದರೆ ಡಿಸೆಂಬರಿನ ಕರಾವಳಿಯನ್ನು ನೋಡಿ ತೀರ್ಮಾನ ಕೈಗೊಳ್ಳುವುದು, ಮದುವೆ ಮಂಟಪದಲ್ಲಿ ಮಾತ್ರ ಕಂಡ ಮನುಷ್ಯನ ಸ್ವಭಾವವನ್ನು ಅಳೆದಂತೆ. ಬೆಂಗಳೂರಿನ ಮನೆಯನ್ನು ಒಮ್ಮೆ ಮಾರಿದರೆ ಅದೇ ಬಡಾವಣೆಯಲ್ಲಿ ಮತ್ತೊಂದನ್ನು ಕೊಳ್ಳುವುದು ಹೆಚ್ಚಿನವರಿಗೆ ಸಾಧ್ಯವಾಗದು. ಆದ್ದರಿಂದ ಲೆಕ್ಕಾಚಾರ ಮೊದಲೇ ಆಗಬೇಕು.

ಬಿಸಿಲಿಗಿಂತ ಸೆಖೆ

ಉತ್ತರ, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಮುದ್ರತೀರದಲ್ಲಿ ಉಷ್ಣಮಾಪಕದ ಅಂಕಿ ಭಯ ಹುಟ್ಟಿಸುವಂಥದ್ದಲ್ಲ. ಏಪ್ರಿಲ್ ಮಧ್ಯಾಹ್ನದಲ್ಲೂ ಸಾಮಾನ್ಯವಾಗಿ 33–34 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರುಗಳ 40 ದಾಟುವ ಬಿಸಿಲಿನ ಮುಂದೆ ಇದು ಏನೂ ಅಲ್ಲವೆಂದು ಬಯಲುಸೀಮೆಯವರು ನಗಬಹುದು. ವ್ಯತ್ಯಾಸವಿರುವುದು ಗಾಳಿಯಲ್ಲಿನ ತೇವಾಂಶದಲ್ಲಿ. ಬೆವರು ಆವಿಯಾದರೆ ಮಾತ್ರ ದೇಹ ತಂಪಾಗುತ್ತದೆ; ಕರಾವಳಿಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಎಂಥ ಬೇಸಗೆಯಲ್ಲೂ ರಾತ್ರಿ ತುಸು ತಂಪಾಗುತ್ತದೆ. ಕಡಲ ತಡಿಯಲ್ಲಿ ಮೇ ತಿಂಗಳ ರಾತ್ರಿಗೂ ಹಗಲಿಗೂ ಹೆಚ್ಚಿನ ಅಂತರವಿರದು. ಹವಾಮಾನ ಇಲಾಖೆಯೂ ಈ ಭೇದವನ್ನು ಗುರುತಿಸಿದೆ: ಬಯಲು ಪ್ರದೇಶದಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿದರೆ ಮಾತ್ರ ಬಿಸಿಗಾಳಿಯ ಘೋಷಣೆಯ ಪರಿಶೀಲನೆ, ಕರಾವಳಿಯಲ್ಲಿ ಅದು 37 ಡಿಗ್ರಿಗೇ ಆರಂಭ.

ಹೃದ್ರೋಗ ಇರುವವರು, ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಮಾತ್ರೆ ಸೇವಿಸುವವರು ಈ ವಿಷಯವನ್ನು ತಮ್ಮ ವೈದ್ಯರೊಂದಿಗೆ ಚರ್ಚಿಸಿಯೇ ಮುಂದುವರಿಯಬೇಕು. ಕೀಲುನೋವಿನವರಿಗೆ ಬೆಚ್ಚಗಿನ ಹವೆ ಹಿತವೆಂಬ ಮಾತು ಕೇಳಿಬರುತ್ತದೆ. ಜುಲೈ ತಿಂಗಳ ಥಂಡಿಯನ್ನು ಅನುಭವಿಸಿದವರು ಅದೇ ಮಾತನ್ನು ಹೇಳುವರೋ ಇಲ್ಲವೋ, ಕೇಳಿ ನೋಡಬೇಕು.

ನಾಲ್ಕು ತಿಂಗಳ ಮಳೆ

ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿಗೆ ತುಸು ಕಡಿಮೆ. ಮಂಗಳೂರಿನಲ್ಲಿ ಸುಮಾರು 3,500ರಿಂದ 4,000 ಮಿಲಿಮೀಟರ್. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಬೆಂಗಳೂರಿನ ಇಡೀ ವರ್ಷದ ಮಳೆ ಇಲ್ಲಿ ಜುಲೈ ಒಂದರಲ್ಲೇ ಬಂದುಬಿಡುವುದುಂಟು. ತುಳುನಾಡಿನ ಹಳಬರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳನ್ನು ಕಷ್ಟದ ತಿಂಗಳೆಂದೇ ಎಣಿಸುತ್ತಿದ್ದರು. ಹಪ್ಪಳ, ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಮೊದಲಾದವನ್ನು ಬೇಸಗೆಯಲ್ಲೇ ಕೂಡಿಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇಂದಿಗೂ ಇದೆ.

ಮಳೆ ನೋಡಲು ಚೆಂದ. ಅದರೊಡನೆ ಬದುಕುವುದೆಂದರೆ ಬಟ್ಟೆ ಮೂರು ದಿನವಾದರೂ ಒಣಗದಿರುವುದು, ಬೀರುವಿನೊಳಗಿನ ರೇಷ್ಮೆ ಸೀರೆಗೂ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವುದು, ಪುಸ್ತಕದ ಹಾಳೆ ಹಪ್ಪಳದಂತೆ ಬಾಗುವುದು. ದೊಡ್ಡ ಪುಸ್ತಕ ಸಂಗ್ರಹವುಳ್ಳವರು ಇದನ್ನು ಲಘುವಾಗಿ ಕಾಣಬಾರದು. ಗಾಳಿಗೆ ಮರ ಬಿದ್ದು ತಂತಿ ಹರಿದರೆ ವಿದ್ಯುತ್ತು ಹಳ್ಳಿಗಳಲ್ಲಿ ಒಂದೆರಡು ದಿನವೂ ಬಾರದಿರಬಹುದು. ಮನೆಯಿಂದ ಕೆಲಸ ಮಾಡುವವರಿಗೆ ಇನ್ವರ್ಟರ್ ಮತ್ತು ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಸಂಪರ್ಕ ಅನಿವಾರ್ಯ. ಮುಂಗಾರಿಗೆ ಮುನ್ನ ಮತ್ತು ಅಕ್ಟೋಬರಿನಲ್ಲಿ ಬಡಿಯುವ ಸಿಡಿಲಿಗೆ ಟಿವಿ, ಮೋಡೆಮ್‌ಗಳು ಸುಟ್ಟುಹೋಗುವುದು ಒಳನಾಡಿನ ಮನೆಗಳಲ್ಲಿ ಮಾಮೂಲು ಸಂಗತಿ.

ಮನೆ ಕಟ್ಟುವವರಿಗೆ ಒಂದು ಮಾತು. ಬೆಂಗಳೂರಿನ ವಾಸ್ತುಶಿಲ್ಪಿ ಬರೆದುಕೊಟ್ಟ ಸಮತಟ್ಟು ತಾರಸಿಯ ನಕ್ಷೆಯನ್ನು ಇಲ್ಲಿಗೆ ತರಬಾರದು. ಕರಾವಳಿಯ ಮನೆಗಳ ಇಳಿಜಾರು ಮಾಡು, ಅಗಲವಾದ ಜಗಲಿ, ಗೋಡೆಯಿಂದ ಮುಂದಕ್ಕೆ ಚಾಚಿದ ಸೂರು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಹಂಚು ಬಂತು. ಮಾಡಿನ ಇಳಿಜಾರು ಹಾಗೆಯೇ ಉಳಿಯಿತು. ಇತ್ತೀಚೆಗೆ ತಾರಸಿ ಮನೆ ಕಟ್ಟಿದ ಊರವರೇ ಐದಾರು ಮಳೆಗಾಲದ ನಂತರ ಅದರ ಮೇಲೆ ತಗಡಿನ ಶೀಟು ಹೊದೆಸುತ್ತಿರುವುದನ್ನು ಹೆದ್ದಾರಿಯ ಇಕ್ಕೆಲಗಳಲ್ಲೂ ಕಾಣಬಹುದು. ಸಮುದ್ರಕ್ಕೆ ತೀರ ಸಮೀಪವಾದರೆ ಉಪ್ಪುಗಾಳಿಗೆ ಗೇಟು, ಕಿಟಕಿಯ ಸರಳು, ಕಾರಿನ ತಳ, ಎ.ಸಿ. ಯಂತ್ರದ ಹೊರಭಾಗ ಎಲ್ಲವೂ ಬೇಗ ತುಕ್ಕು ಹಿಡಿಯುತ್ತವೆ. ಈ ಖರ್ಚು ವರ್ಷ ವರ್ಷವೂ ಇರುವಂಥದ್ದು.

ಇಷ್ಟು ಮಳೆಯ ನಾಡಿನಲ್ಲಿ ನೀರಿನ ಬರ

ಹೊರಗಿನವರು ನಂಬಲು ಕಷ್ಟಪಡುವ ಸಂಗತಿಯಿದು. ನಾಲ್ಕು ಸಾವಿರ ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ನಲ್ಲಿ ಬತ್ತುತ್ತದೆ. ಪಶ್ಚಿಮಕ್ಕೆ ಹರಿಯುವ ನದಿಗಳ ದಾರಿ ಚಿಕ್ಕದು, ಇಳಿಜಾರು ಕಡಿದು. ಬಿದ್ದ ನೀರು ಬಹುಬೇಗ ಕಡಲು ಸೇರುತ್ತದೆ. ಮಂಗಳೂರು ನಗರ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟನ್ನು ಆಶ್ರಯಿಸಿದೆ, ಉಡುಪಿ ನಗರ ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು. 2016ರಲ್ಲಿ ಹಾಗೂ 2019ರಲ್ಲಿ ಮಂಗಳೂರಿನವರು ಸರದಿಯ ಮೇಲೆ ನೀರು ಪಡೆಯಬೇಕಾಯಿತು.

ಬಾವಿಯಿದೆಯಲ್ಲ ಎಂದು ನೆಮ್ಮದಿಯಿಂದಿರುವಂತೆಯೂ ಇಲ್ಲ. ನನಗೆ ಪರಿಚಯದ ನಿವೃತ್ತ ದಂಪತಿ ಕುಂದಾಪುರದ ಆಸುಪಾಸಿನಲ್ಲಿ ಹೊಳೆಯ ದಂಡೆಯ ಮನೆಯೊಂದನ್ನು ನವೆಂಬರಿನಲ್ಲಿ ನೋಡಿ, ಜನವರಿಯಲ್ಲಿ ಕೊಂಡರು. ಬಾವಿಯ ನೀರು ಎಳನೀರಿನಂತಿದೆ ಎಂದು ದಲ್ಲಾಳಿ ಹೇಳಿದ್ದು ಸುಳ್ಳಲ್ಲ. ನವೆಂಬರಿನಲ್ಲಿ ಅದು ಹಾಗೆಯೇ ಇತ್ತು. ಏಪ್ರಿಲ್ ಬಂದಾಗ ಹೊಳೆಯ ಹರಿವು ಕುಗ್ಗಿ, ಭರತದ ಉಪ್ಪುನೀರು ಮೇಲೇರಿ, ಬಾವಿಯ ನೀರಿನಲ್ಲಿ ಬೇಳೆ ಬೇಯದಾಯಿತು. ನೆರೆಮನೆಯವರನ್ನು ಕೇಳಿದರೆ, “ಹೌದು ಮಾರಾಯ್ರೆ, ಇಲ್ಲಿ ಬೇಸಗೆಯಲ್ಲಿ ಹಾಗೆಯೇ. ನೀವು ಕೇಳಲೇ ಇಲ್ಲವಲ್ಲ” ಎಂಬ ಉತ್ತರ ಬಂತು. ಈಗ ಪ್ರತಿ ಬೇಸಗೆಯೂ ಟ್ಯಾಂಕರಿನ ನಿರೀಕ್ಷೆ. ಜಾಗ ನೋಡುವವರು ಮೇ ತಿಂಗಳ ಮೊದಲ ವಾರದಲ್ಲಿ ಬಾವಿಯ ನೀರನ್ನು ಕುಡಿದು ನೋಡಿಯೇ ಮುಂಗಡ ಕೊಡಬೇಕು.

ಜಾಗದ ಕಾಗದಪತ್ರ

ಇಲ್ಲಿ ಹೆಚ್ಚು ಎಚ್ಚರ ಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು 1956ರವರೆಗೆ ಮದರಾಸು ಪ್ರಾಂತ್ಯ, ಬಳಿಕದ ರಾಜ್ಯದ ಆಡಳಿತದಲ್ಲಿದ್ದವು. ಹಾಗಾಗಿ ಭೂದಾಖಲೆಯ ಪರಿಭಾಷೆ ಹಳೆಯ ಮೈಸೂರಿನವರಿಗೆ ಅಪರಿಚಿತ. ‘ಕುಮ್ಕಿ ಸೇರಿ ಎರಡು ಎಕರೆ’ ಎಂದು ಯಾರಾದರೂ ಹೇಳಿದರೆ, ಕುಮ್ಕಿ ಎಂಬುದು ವರ್ಗ ಜಮೀನಿಗೆ ತಾಗಿದ ಸರಕಾರಿ ಭೂಮಿ ಎಂಬುದನ್ನು ನೆನಪಿಡಬೇಕು. ಸೊಪ್ಪು, ಸೌದೆಗಳಂಥ ಸೌಲಭ್ಯ ಪಡೆಯುವ ಹಕ್ಕು ವರ್ಗದಾರನಿಗಿದೆ, ಒಡೆತನವಿಲ್ಲ. ಮೂಲಗೇಣಿ ಜಾಗಗಳಲ್ಲಿ ವಾಸವಿರುವವನೇ ಬೇರೆ, ಮೂಲಿದಾರನೇ ಬೇರೆ. ಮೂಲಗೇಣಿದಾರರಿಗೆ ಒಡೆತನ ನೀಡಲೆಂದೇ ರಾಜ್ಯವು 2011ರಲ್ಲಿ ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. 1974ರ ಭೂಸುಧಾರಣೆಯ ನಂತರ ಗೇಣಿದಾರರಿಗೆ ದಕ್ಕಿದ ಜಮೀನುಗಳಲ್ಲಿ ಸಹೋದರ ಸಹೋದರಿಯರ ಪಾಲು ಇತ್ಯರ್ಥವಾಗದೆ ಉಳಿದಿರುವುದುಂಟು. ಅಳಿಯಸಂತಾನ ಕುಟುಂಬಗಳ ಆಸ್ತಿಯಾದರೆ ಪಾಲುದಾರರ ಪಟ್ಟಿ ಮುಂಬಯಿ, ದುಬೈಗಳವರೆಗೂ ಹಬ್ಬಿರುತ್ತದೆ. ಎಲ್ಲರ ಸಹಿಯಿಲ್ಲದೆ ಕೊಂಡವರು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ಅಕ್ರಮ–ಸಕ್ರಮದಲ್ಲಿ ಮಂಜೂರಾದ ಭೂಮಿಗೆ ಪರಭಾರೆ ನಿಷೇಧದ ಅವಧಿ ಇರುತ್ತದೆ.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಕೊಳ್ಳಬಹುದು ಎಂದ ಮಾತ್ರಕ್ಕೆ ಕಟ್ಟಬಹುದು ಎಂದಲ್ಲ: ಭೂಪರಿವರ್ತನೆ ಆಗಬೇಕು, ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಾದರೆ ಜನರು ‘ನೈನ್ ಇಲೆವೆನ್’ ಎಂದೇ ಕರೆಯುವ 9 ಮತ್ತು 11ನೇ ನಮೂನೆಗಳು ಬೇಕು. ಅವುಗಳಿಲ್ಲದೆ ಬ್ಯಾಂಕ್ ಸಾಲವನ್ನು ಮರೆತುಬಿಡುವುದೇ ಒಳ್ಳೆಯದು. ಇನ್ನೊಂದು ಸಂಗತಿ ಯಾವ ಪಹಣಿಯಲ್ಲೂ ಕಾಣಸಿಗದು. ಜಾಗದ ಮೂಲೆಯಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಅದರ ನಡಾವಳಿ ಹೊಸ ಮಾಲೀಕನ ಹೆಗಲಿಗೆ ಬೀಳುತ್ತದೆ ಎಂಬುದು ಊರಿನ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಬನವನ್ನು ಕಡಿದು ನೆರೆಹೊರೆಯವರೊಡನೆ ಬಾಳುವುದು ಮಾತ್ರ ಕಷ್ಟ.

ಕಡಲ ನೋಟದ ಮನೆಯ ಆಸೆಯುಳ್ಳವರಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅಡ್ಡ ಬರುತ್ತವೆ. 2019ರ ಅಧಿಸೂಚನೆಯ ಪ್ರಕಾರ ಭರತರೇಖೆಯಿಂದ 500 ಮೀಟರ್ ಈ ವಲಯ. ಗ್ರಾಮೀಣ ಭಾಗದಲ್ಲಿ ಮೊದಲ 200 ಮೀಟರ್ ಅಭಿವೃದ್ಧಿ ನಿಷಿದ್ಧ. ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿರುವ ಪ್ರದೇಶಗಳಲ್ಲಿ ಇದನ್ನು 50 ಮೀಟರಿಗೆ ಇಳಿಸಲು ಅವಕಾಶವಿದೆ. ಉಬ್ಬರದ ಪ್ರಭಾವವಿರುವ ಹೊಳೆಯ ದಂಡೆಗೂ ನಿಯಮ ಅನ್ವಯಿಸುತ್ತದೆ. ಕಾನೂನು ಬಿಟ್ಟರೂ ಕಡಲು ಬಿಡುವುದಿಲ್ಲ. ಉಳ್ಳಾಲ, ಸೋಮೇಶ್ವರ, ಮರವಂತೆಗಳಲ್ಲಿ ಮಳೆಗಾಲದ ಕಡಲ್ಕೊರೆತಕ್ಕೆ ಮನೆ, ತೆಂಗು, ರಸ್ತೆಗಳು ಕುಸಿದ ಚಿತ್ರಗಳು ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗಲೂ ಇದೇ ಕಥೆ. ಕರಾವಳಿಯ ಹಿರಿಯರು ಹೊಳೆಗೆ ಮುಖ ಮಾಡಿ ಮನೆ ಕಟ್ಟಿದರೇ ಹೊರತು, ಮೀನುಗಾರ ಕುಟುಂಬಗಳನ್ನು ಬಿಟ್ಟರೆ, ಕಡಲಿಗೆ ಮುಖ ಮಾಡಿದವರು ಕಡಿಮೆ.

ಆಸ್ಪತ್ರೆ ಮತ್ತು ದಾರಿ

ಕರಾವಳಿ ಎಂದರೆ ಒಂದೇ ಊರಲ್ಲ. ಮಂಗಳೂರು ಮತ್ತು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಿವೆ. ವಯಸ್ಸಾದವರಿಗೆ ಈ ಅನುಕೂಲ ರಾಜ್ಯದಲ್ಲಿ ಬೆಂಗಳೂರನ್ನು ಬಿಟ್ಟರೆ ಇಲ್ಲಿಯೇ ಹೆಚ್ಚೆನ್ನಬಹುದು. ಅದೇ ಹೊನ್ನಾವರ, ಕುಮಟಾ, ಅಂಕೋಲಾ ಕಡೆಗೆ ಹೋದಂತೆ ಚಿತ್ರ ಬದಲಾಗುತ್ತದೆ. ಹೊನ್ನಾವರದಿಂದ ಮಣಿಪಾಲಕ್ಕೆ ನೂರು ಕಿ.ಮೀ.ಗೂ ಹೆಚ್ಚು ದೂರ. 2022ರ ಜುಲೈನಲ್ಲಿ ಹೊನ್ನಾವರ ಕಡೆಯಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾದಾಗ, ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಜೋರಾಯಿತು. ಗೋಕರ್ಣದ ಸೌಂದರ್ಯಕ್ಕೆ ಮನಸೋತ ಅರುವತ್ತೈದರ ಹೃದ್ರೋಗಿಗೆ ನಾನಂತೂ ಅಲ್ಲಿ ಮನೆ ಮಾಡಿ ಎಂದು ಸಲಹೆ ಕೊಡಲಾರೆ.

ಮಕ್ಕಳು ಬೆಂಗಳೂರಿನಲ್ಲೇ ಉಳಿದರೆ ನಡುವೆ ಘಟ್ಟವಿದೆ. ಮಂಗಳೂರಿಗೆ ಸುಮಾರು 350 ಕಿ.ಮೀ., ರಾತ್ರಿಯ ರೈಲು, ಬಸ್ಸು, ಬಜ್ಪೆಯಿಂದ ವಿಮಾನ ಎಲ್ಲವೂ ಇವೆ. ಮಳೆಗಾಲದಲ್ಲಿ ಮಾತ್ರ ಶಿರಾಡಿ, ಚಾರ್ಮಾಡಿಗಳ ಸ್ಥಿತಿಯನ್ನು ದಿನವೂ ವಿಚಾರಿಸಬೇಕು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಜೀವಗಳೂ ಹೋದವು. ಅದೇ ತಿಂಗಳ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ಘಟ್ಟದ ರೈಲು ದಿನಗಟ್ಟಲೆ ನಿಂತಿತು.

ಊರಿನೊಳಗಿನ ಓಡಾಟಕ್ಕೆ ಖಾಸಗಿ ಬಸ್ಸುಗಳ ಜಾಲ ಚೆನ್ನಾಗಿದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ಇಲ್ಲ ಎಂಬುದನ್ನು ಮಹಿಳೆಯರು ಗಮನಿಸಬೇಕು.

ಜನ, ಮಾತು, ಊಟ

ಬೆಂಗಳೂರಿನ ಕನ್ನಡಿಗರು ಇಲ್ಲಿ ಪರಕೀಯರಲ್ಲ. ಆದರೆ ಮನೆಯಂಗಳದ ಮಾತು ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪುರ ಕನ್ನಡವೋ ಆಗಿರುತ್ತದೆ. ನಿಮ್ಮನ್ನು ಕಂಡೊಡನೆ ಅಂಗಡಿಯವರು ಶಿಷ್ಟ ಕನ್ನಡಕ್ಕೆ ಹೊರಳುತ್ತಾರೆ, ನೀವು ತಿರುಗಿದೊಡನೆ ತುಳುವಿಗೆ ಮರಳುತ್ತಾರೆ. ಎರಡು ವರ್ಷದಲ್ಲಿ ಭಾಷೆ ಕಲಿತವರಿಗೆ ಬಾಗಿಲು ತೆರೆಯುತ್ತದೆ, ಕಲಿಯದವರು ಕೊನೆಯವರೆಗೂ ‘ಘಟ್ಟದ ಮೇಲಿನವರು’. ಊರಿನ ಯುವಕರಲ್ಲಿ ಬಹುಮಂದಿ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿರುವುದರಿಂದ ಎಷ್ಟೋ ಮನೆಗಳಲ್ಲಿ ಇರುವವರು ವೃದ್ಧರಷ್ಟೇ. ತೆಂಗಿನಕಾಯಿ ಕೀಳಲು, ಹಂಚು ಸರಿಪಡಿಸಲು, ಅಂಗಳದ ಪಾಚಿ ಉಜ್ಜಲು ಆಳು ಸಿಗುವುದು ಸುಲಭವಲ್ಲ. ತರಕಾರಿ ಹೆಚ್ಚಾಗಿ ಘಟ್ಟದ ಮೇಲಿನಿಂದಲೇ ಬರುವುದರಿಂದ ಬೆಲೆಯಲ್ಲಿ ಉಳಿತಾಯವೆಂಬುದು ಭ್ರಮೆ. ಮೀನುಪ್ರಿಯರೂ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಒಣಮೀನಿಗೆ ಒಗ್ಗಿಕೊಳ್ಳಬೇಕು.

ಇಷ್ಟಾಗಿಯೂ ಬಂದು ನೆಲೆಸಿ ಸುಖವಾಗಿರುವವರು ಬಹಳ ಮಂದಿ. ಸಂಜೆ ದೇವಸ್ಥಾನದ ಗದ್ದೆಯಲ್ಲಿ ಯಕ್ಷಗಾನ, ಹತ್ತು ನಿಮಿಷದಲ್ಲಿ ಕಡಲು, ಕಿಕ್ಕಿರಿಯದ ರಸ್ತೆ, ಶುದ್ಧ ಗಾಳಿ ಇವೆಲ್ಲ ನಿಜವೇ. ಅವರಲ್ಲಿ ಹೆಚ್ಚಿನವರು ಮಾಡಿದ್ದು ಒಂದೇ ಕೆಲಸ: ಮೊದಲು ಒಂದು ಪೂರ್ಣ ವರ್ಷ ಬಾಡಿಗೆಗೆ ಇದ್ದರು. ಬಾಡಿಗೆಯನ್ನು ನವೆಂಬರಿನಿಂದಲ್ಲ, ಏಪ್ರಿಲ್‌ನಿಂದ ಹಿಡಿಯುವುದು ಒಳಿತು. ಮೊದಲ ಐದು ತಿಂಗಳಲ್ಲಿ ಸೆಖೆ, ನೀರು, ಸಿಡಿಲು, ಮಳೆ, ಬೂಷ್ಟು ಎಲ್ಲದರ ಪರಿಚಯವೂ ಆಗಿಬಿಡುತ್ತದೆ. ಅಷ್ಟರವರೆಗೆ ಬೆಂಗಳೂರಿನ ಮನೆಯನ್ನು ಮಾರದೆ ಬಾಡಿಗೆಗೆ ಕೊಡಬೇಕು.

ಕುಂದಾಪುರದ ದಂಪತಿ ಆ ಒಂದು ವಿಷಯದಲ್ಲಿ ಜಾಣರಾಗಿದ್ದರು, ಹಳೆಯ ಫ್ಲ್ಯಾಟನ್ನು ಮಾರಿರಲಿಲ್ಲ. ಈಗ ದೀಪಾವಳಿಗೆ ಘಟ್ಟ ಇಳಿಯುತ್ತಾರೆ, ಬಾವಿಯ ನೀರು ಉಪ್ಪಾಗತೊಡಗಿದ ವಾರ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಘಟ್ಟ ಹತ್ತುತ್ತಾರೆ.