ನಿರ್ಮೇಘ ಗಗನವೂ ನಿಯಮಭಂಗವೂ

ಪ್ರಕೃತಿದೃಶ್ಯಗಳನ್ನು ತೆಗೆಯುವ ಛಾಯಾಚಿತ್ರಕಾರನಿಗೆ ಮೋಡವಿಲ್ಲದ ಆಕಾಶವು ಬಹುಕಾಲ ಶತ್ರುವಾಗಿಯೇ ಇದ್ದಿತು. 1851ರಲ್ಲಿ ಆರ್ಚರನು ಪ್ರಕಟಿಸಿದ ಕೊಲೋಡಿಯನ್ ಗಾಜಿನ ಪ್ಲೇಟು ನೀಲಿಯ ಬೆಳಕನ್ನು ಬೇಗನೆ ಹೀರುತ್ತಿತ್ತು. ಕೆಂಪಿಗೆ ಅದು ಕುರುಡು. ಬೆಟ್ಟಗಿಡಗಳು ಮೂಡುವಷ್ಟು ಹೊತ್ತು ಬೆಳಕನ್ನು ಬಿಟ್ಟರೆ, ಕಣ್ಣಿಗೆ ಗಾಢನೀಲವಾಗಿ ತೋರಿದ ಗಗನವು ಕಾಗದದ ಮೇಲೆ ಬರಿಯ ಬಿಳುಪಾಗಿ ನಿಲ್ಲುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಎಂಬಾತನು 1850ರ ದಶಕದ ಉತ್ತರಾರ್ಧದಲ್ಲಿ ಕೆಲವು ಚಿತ್ರಗಳಿಗಾಗಿ ಸಮುದ್ರವನ್ನು ಒಂದು ಪ್ಲೇಟಿನಲ್ಲಿಯೂ ಆಕಾಶವನ್ನು ಇನ್ನೊಂದರಲ್ಲಿಯೂ ಹಿಡಿದು, ಎರಡನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿದನು. 1873ರಲ್ಲಿ ಜರ್ಮನಿಯ ಫೋಗೆಲ್ ಪಂಡಿತನು ಬಣ್ಣದ ದ್ರವ್ಯವನ್ನು ಬೆರೆಸಿ ಪ್ಲೇಟಿನ ಕುರುಡನ್ನು ಕಳೆಯುವ ದಾರಿಯನ್ನು ಕಂಡನು. ಎಲ್ಲ ವರ್ಣಗಳನ್ನೂ ಗ್ರಹಿಸುವ ಪ್ಲೇಟು ಬಂದ ಮೇಲೆ, ಹಳದಿಯ ಫಿಲ್ಟರಿನಿಂದ ನೀಲಿಯನ್ನು ತಡೆದು ಆಕಾಶವನ್ನು ಕಣ್ಣು ಕಂಡಂತೆ ತೋರಿಸುವುದು ಸಾಧ್ಯವಾಯಿತು.

ಕಂಡಂತೆಯೇ ತೋರಿಸಿದರೆ ಸಾಕೆ? 1927ನೆಯ ಏಪ್ರಿಲ್ 10ರಂದು ಕ್ಯಾಲಿಫೋರ್ನಿಯದ ಯೋಸೆಮಿಟಿಯಲ್ಲಿ ತರುಣ ಆನ್ಸೆಲ್ ಆಡಮ್ಸನಿಗೆ ಈ ಪ್ರಶ್ನೆ ಎದುರಾಯಿತು. ಭಾರವಾದ ಕ್ಯಾಮರಾವನ್ನು ಹೊತ್ತು ಹಿಮದಲ್ಲಿ ಏರಿದ್ದ ಆತನ ಬಳಿ, 'ಹಾಫ್ ಡೋಮ್' ಎಂಬ ಮಹಾಶಿಲೆಯ ಎದುರಿಗೆ ನಿಂತಾಗ, ಉಳಿದಿದ್ದ ಪ್ಲೇಟುಗಳು ಎರಡೇ. ಮೊದಲನೆಯದನ್ನು ವಾಡಿಕೆಯಂತೆ ಹಳದಿಯ ಫಿಲ್ಟರಿನಿಂದ ತೆಗೆದನು. ತೆಗೆದೊಡನೆಯೇ, ಶಿಲೆಯು ಮನಸ್ಸಿಗೆ ತಂದ ಗಾಂಭೀರ್ಯವು ಅದರಲ್ಲಿ ಬಾರದೆಂದು ಹೊಳೆಯಿತು. ಗಾಢವಾದ ಕೆಂಪು ಫಿಲ್ಟರನ್ನಿಟ್ಟು ಕೊನೆಯ ಪ್ಲೇಟಿಗೆ ಐದು ಸೆಕೆಂಡು ಬೆಳಕನ್ನು ಬಿಟ್ಟನು. ನಿರ್ಮಲವಾದ ನೀಲಾಕಾಶವು ಹೆಚ್ಚುಕಡಮೆ ಕಪ್ಪಾಗಿ, ಶಿಲೆಯೊಂದೇ ಎದ್ದು ನಿಂತಿತು. ಶತ್ರುವೇ ಮಿತ್ರನಾದಂತಾಯಿತು.

ವಿಚಿತ್ರವೆಂದರೆ, ಇದೇ ಆಡಮ್ಸನು 1932ರಲ್ಲಿ ವೆಸ್ಟನ್ ಮೊದಲಾದವರೊಡನೆ 'ಎಫ್ 64' ಎಂಬ ಸಂಘವನ್ನು ಕಟ್ಟಿ, ಛಾಯಾಚಿತ್ರವು ಅನ್ಯಕಲೆಗಳಿಂದ ಯಾವುದನ್ನೂ ಎರವಲು ತಾರದೆ ಶುದ್ಧವಾಗಿರಬೇಕೆಂದು ಸಾರಿದನು. ಆ ಶುದ್ಧಿಯು ಎಷ್ಟು ದಿನ ಬಾಳಿತು? 1944ರಲ್ಲಿ ಲೋನ್ ಪೈನ್ ಊರಿನ ಬಳಿ ತೆಗೆದ ಸೂರ್ಯೋದಯದ ಚಿತ್ರದಲ್ಲಿ, ಶಾಲೆಯ ಹುಡುಗರು ಗುಡ್ಡದ ಮೇಲೆ ಬಿಳಿಯ ಕಲ್ಲುಗಳಿಂದ ಬರೆದಿದ್ದ ಊರಿನ ಮೊದಲಕ್ಷರಗಳನ್ನು ಆತನು ಅಳಿಸಿಹಾಕಿದನು. ಆ ಕಲೆಯನ್ನು ಉಳಿಸುವಷ್ಟು ಮಡಿವಂತಿಕೆ ತನಗಿಲ್ಲವೆಂದು 1983ರ ತನ್ನ ಪುಸ್ತಕದಲ್ಲಿ ತಾನೇ ಒಪ್ಪಿದನು. ವೈಯಾಕರಣರು ಉತ್ಸರ್ಗವನ್ನು ಹೇಳಿದ ಬಾಯಿಂದಲೇ ಅಪವಾದವನ್ನೂ ಹೇಳುತ್ತಾರೆ. ಮುಚ್ಚಿಡದೆ ಹೇಳಿದ ಅಪವಾದವನ್ನು ಮೋಸವೆನ್ನಲಾಗದು.

ಇದಕ್ಕಿಂತ ಸೂಕ್ಷ್ಮವಾದುದು ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಗ್ರಾಮದ ಚಂದ್ರೋದಯ. 1941ರ ಶರತ್ಕಾಲದ ಸಂಜೆ ಸ್ಮಶಾನದ ಶಿಲುಬೆಗಳ ಮೇಲಿನ ಕೊನೆಯ ಬಿಸಿಲು ಜಾರುತ್ತಿರಲು, ಬೆಳಕನ್ನಳೆಯುವ ಯಂತ್ರವು ಕೈಗೆ ಸಿಕ್ಕದೆ, ಚಂದ್ರನ ಪ್ರಕಾಶದ ಪ್ರಮಾಣವನ್ನು ನೆನಪಿನಿಂದಲೇ ಲೆಕ್ಕಹಾಕಿ ಆತನು ಅದನ್ನು ತೆಗೆದನು. ಎರಡನೆಯ ಚಿತ್ರಕ್ಕೆ ಸಿದ್ಧನಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಆ ಆಕಾಶದ ಮೇಲುಭಾಗದಲ್ಲಿ ತೆಳುಮೋಡಗಳಿದ್ದವು. ಮೊದಮೊದಲಿನ ಪ್ರತಿಗಳಲ್ಲಿ ಅವು ಕಾಣುತ್ತವೆ. 1948ರಲ್ಲಿ ನೆಗೆಟಿವಿನ ಕೆಳಭಾಗವನ್ನು ರಾಸಾಯನಿಕದಿಂದ ಬಲಪಡಿಸಿದನು. ಮುಂದಿನ ದಶಕಗಳಲ್ಲಿ ಮುದ್ರಿಸುವಾಗ ಮೇಲ್ಭಾಗಕ್ಕೆ ಹೆಚ್ಚುಹೆಚ್ಚಾಗಿ ಬೆಳಕನ್ನುಣಿಸಿ ಕಪ್ಪಾಗಿಸಿದನು. ಮುದ್ರಣದಲ್ಲಿ ಬಿಳುಪುಕಪ್ಪುಗಳನ್ನು ಹೊಂದಿಸುವುದು ಶುದ್ಧಿವಾದಿಗಳಿಗೂ ನಿಷಿದ್ಧವಲ್ಲ. ಆದರೆ ಇದ್ದ ಮೋಡವನ್ನು ಇಲ್ಲವಾಗಿಸುವುದು ಹೊಂದಿಸುವುದೋ, ಅಳಿಸುವುದೋ? ಹಿಂದಿನ ಪ್ರತಿಯನ್ನೂ ಮುಂದಿನ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಚಂದ್ರನ ಮೇಲಣ ಗಗನವು ಎರಡನೆಯದರಲ್ಲಿ ನಿರ್ಮೇಘವಾಗಿರುವುದು ಕಾಣುತ್ತದೆ.